ಈದ್ ರಜೆ ಯಾವತ್ತು? ರಜೆ ಪಟ್ಟಿಯ ಕೊನೇಲಿರೋ ಆ ಸಣ್ಣ ನಕ್ಷತ್ರ ಚಿಹ್ನೆ

ವರ್ಷದ ಕೊನೇಲಿ ನಮ್ಮಂಥೋರ ಇನ್‌ಬಾಕ್ಸಿಗೆ ಎಚ್‌ಆರ್ ಕಡೆಯಿಂದ ಒಂದು ಪಿಡಿಎಫ್ ಬರತ್ತೆ, ಮುಂದಿನ ವರ್ಷದ ರಜೆ ಪಟ್ಟಿ. ಎಲ್ಲರೂ ಮೊದಲು ನೋಡೋದು ಲಾಂಗ್ ವೀಕೆಂಡ್ ಎಷ್ಟಿದೆ ಅಂತ. ಆಮೇಲೆ ಯುಗಾದಿ ಇದೆಯಾ, ಇಲ್ಲವಾ ಅಂತ. ಪುಟದ ತುದೀಲಿ ಸಣ್ಣ ಅಕ್ಷರದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿ, ಚಂದ್ರ ಕಂಡಂತೆ ಈ ದಿನ ಬದಲಾಗಬಹುದು ಅಂತ ಬರೆದಿರ್ತಾರೆ. ಅದನ್ನ ಯಾರೂ ಓದೋದಿಲ್ಲ. ಇವತ್ತಿನ ಮಾತು ಪೂರ್ತಿ ಆ ಒಂದು ಸಾಲಿನ ಮೇಲೆ.

ಮುಂಬೈನಲ್ಲಿರೋರಿಗೆ 2025ರ ಸೆಪ್ಟೆಂಬರ್ ನೆನಪಿರಬಹುದು. ಮಹಾರಾಷ್ಟ್ರ ಸರ್ಕಾರದ ಪಟ್ಟಿಯಲ್ಲಿ ಈದ್ ಮಿಲಾದ್ ರಜೆ ಸೆಪ್ಟೆಂಬರ್ 5, ಶುಕ್ರವಾರ ಇತ್ತು. ಅದಕ್ಕೆ ಇನ್ನೇನು ಒಂದೆರಡು ದಿನ ಇರಬೇಕಾದ್ರೆ ಅಧಿಸೂಚನೆ ಬಂತು. ಮುಂಬೈ ನಗರ ಮತ್ತು ಉಪನಗರ, ಈ ಎರಡು ಜಿಲ್ಲೆಗಳಿಗೆ ಮಾತ್ರ ರಜೆ 8ನೇ ತಾರೀಖು ಸೋಮವಾರಕ್ಕೆ ಹೋಯ್ತು, ಉಳಿದ ಮಹಾರಾಷ್ಟ್ರಕ್ಕೆ 5ನೇ ತಾರೀಖೇ ಉಳೀತು. ಈಗ ಮ್ಯಾಪ್ ನೋಡಿ. ಮುಲುಂಡ್ ಇರೋದು ಮುಂಬೈ ಉಪನಗರ ಜಿಲ್ಲೆಯಲ್ಲಿ. ಖಾಡಿ ಮೇಲಿನ ಸೇತುವೆ ದಾಟಿ ಐರೋಲಿಗೆ ಬಂದ್ರೆ ಅದು ಠಾಣೆ ಜಿಲ್ಲೆ. ಸೇತುವೆಯ ಈ ಕಡೆ ಸೋಮವಾರ ರಜೆ, ಆ ಕಡೆ ಶುಕ್ರವಾರ ರಜೆ. ಗಂಡ ಪೊವಾಯಿಯಲ್ಲಿ, ಹೆಂಡತಿ ಐರೋಲಿಯಲ್ಲಿ, ಮಗು ಮುಲುಂಡ್ ಶಾಲೆಯಲ್ಲಿ ಅನ್ನೋ ಮನೆಗಳಲ್ಲಿ ಆ ವಾರ ಏನಾಗಿರಬಹುದು, ನೀವೇ ಊಹೆ ಮಾಡಿ.

ವಾಟ್ಸ್ಯಾಪ್ ಗುಂಪುಗಳಲ್ಲಿ ಎರಡು ಥರದ ಮಾತು ಓಡಾಡ್ತು. ಒಂದು, ಸರ್ಕಾರ ಯಾರನ್ನೋ ಓಲೈಸ್ತಿದೆ. ಇನ್ನೊಂದು ಅದರ ತದ್ವಿರುದ್ಧ, ಮುಸ್ಲಿಮರ ಹಬ್ಬವನ್ನ ಸರ್ಕಾರ ಪಕ್ಕಕ್ಕೆ ತಳ್ತಿದೆ. ನನ್ನ ಪ್ರಕಾರ ಎರಡೂ ತಪ್ಪು. ಯಾಕೆ ಅಂತ ತಿಳೀಬೇಕಂದ್ರೆ ಸ್ವಲ್ಪ ಪಂಚಾಂಗ, ಸ್ವಲ್ಪ ಕಾನೂನು, ಜೊತೆಗೆ ಬೈಕುಲಾದ ಒಂದು ರಸ್ತೆ, ಮೂರನ್ನೂ ನೋಡಬೇಕು.

ಒಂದೇ ಚಂದ್ರ, ಎರಡು ಲೆಕ್ಕ

ಮೊದಲು ಪಂಚಾಂಗ. ಮುಸ್ಲಿಂ ಹಬ್ಬಗಳು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಬರ್ತವೆ ಅಂತ ಎಲ್ಲರಿಗೂ ಗೊತ್ತು. ಹಿಜರಿ ವರ್ಷ 12 ಚಾಂದ್ರ ಮಾಸ, ಅಂದ್ರೆ 354 ಅಥವಾ 355 ದಿನ. ಇದರಲ್ಲಿ ನಾವು ಗಮನಿಸದ ಒಂದು ಸಂಗತಿ ಇದೆ. ನಮ್ಮ ಚಾಂದ್ರಮಾನ ಪಂಚಾಂಗದ ತಿಂಗಳುಗಳೂ ಇವೇ. ಅಮಾವಾಸ್ಯೆ ಮುಗಿದು ಪಾಡ್ಯ ಬರತ್ತೆ, ಬಿದಿಗೆ ಹೊತ್ತಿಗೆ ಪಶ್ಚಿಮದಲ್ಲಿ ಸಣ್ಣ ಗೆರೆ ಕಾಣತ್ತೆ. ನಾವು ಪಾಡ್ಯದಿಂದ ಎಣಿಸ್ತೀವಿ, ಅವರು ಆ ಗೆರೆ ಕಂಡ ಮೇಲೆ ಎಣಿಸ್ತಾರೆ. ಇದರಿಂದ ಬರೋ ವ್ಯತ್ಯಾಸ ಒಂದೆರಡು ದಿನದ್ದು ಮಾತ್ರ. ದೊಡ್ಡ ವ್ಯತ್ಯಾಸ ಬೇರೆ ಕಡೆ ಇದೆ. ನಾವು ಸುಮಾರು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಮಳೆ ಬೆಳೆ ಲೆಕ್ಕಕ್ಕೆ ವಾಪಸ್ ಬರ್ತೀವಿ. ಹಿಜರಿ ಲೆಕ್ಕದಲ್ಲಿ ಅಧಿಕ ಮಾಸ ಇಲ್ಲ, ಹಾಗಾಗಿ ಅದು ಋತುಗಳ ಮೇಲೆ ತೇಲ್ತಾ ಹೋಗತ್ತೆ.

ಅಂದ್ರೆ ಒಂದು ಅಧಿಕ ಮಾಸದಿಂದ ಇನ್ನೊಂದು ಅಧಿಕ ಮಾಸದವರೆಗೆ ಎರಡೂ ಪಂಚಾಂಗ ಜೊತೆಜೊತೆಯಾಗಿ ನಡೀತವೆ. ಆ ಅವಧಿಯಲ್ಲಿ ಯಾವುದೋ ಒಂದು ಮುಸ್ಲಿಂ ಹಬ್ಬ, ಯಾವುದೋ ಒಂದು ಹಿಂದೂ ಹಬ್ಬಕ್ಕೆ ಅಂಟಿಕೊಂಡಿರತ್ತೆ. 2021ರಲ್ಲಿ ಮತ್ತು 2022ರಲ್ಲಿ ಕರ್ನಾಟಕದಲ್ಲಿ ಬಸವ ಜಯಂತಿ, ರಂಜಾನ್ ಹಬ್ಬ ಒಂದೇ ದಿನ ಬಂದಿದ್ದು ಇದಕ್ಕೇ. ಬಸವ ಜಯಂತಿ ವೈಶಾಖ ಶುದ್ಧ ತದಿಗೆ, ಈದುಲ್ ಫಿತ್ರ್ ಶವ್ವಾಲ್ ತಿಂಗಳ ಮೊದಲ ದಿನ. ತಿಂಗಳು ಒಂದೇ ಆದಾಗ ಇವೆರಡೂ ಒಂದೇ ದಿನ ಇಲ್ಲಾ ಅಕ್ಕಪಕ್ಕ. 2023ರ ಜೂನ್ 29ಕ್ಕೆ ಆಷಾಢ ಏಕಾದಶಿ ಮತ್ತು ಬಕ್ರೀದ್ ಒಟ್ಟಿಗೆ ಬಂದವು. ಪಂಢರಪುರದ ವಾರಿ ಅಂದ್ರೆ ಮಹಾರಾಷ್ಟ್ರದಲ್ಲಿ ಏನು ಅಂತ ಪುಣೆಯಲ್ಲಿರೋರಿಗೆ ಹೇಳಬೇಕಾಗಿಲ್ಲ. ಆ ವರ್ಷ ಅಲ್ಲಿನ ಹಲವು ಊರುಗಳ ಮುಸ್ಲಿಮರು ಏಕಾದಶಿ ದಿನ ಕುರ್ಬಾನಿ ಬೇಡ, ಮಾರನೇ ದಿನ ಮಾಡೋಣ ಅಂತ ತಾವೇ ತೀರ್ಮಾನ ಮಾಡಿದ್ರು. ಬಕ್ರೀದ್ ಕುರ್ಬಾನಿಗೆ ಮೂರು ದಿನದ ಅವಕಾಶ ಇರೋದ್ರಿಂದ ಇದು ಧರ್ಮಕ್ಕೂ ಅಡ್ಡಿಯಾಗಲ್ಲ.

ಈಗ ಮಿಲಾದ್‌ಗೆ ಬನ್ನಿ. ಪ್ರವಾದಿ ಮುಹಮ್ಮದರ ಜನ್ಮದಿನ, ರಬೀಉಲ್ ಅವ್ವಲ್ ತಿಂಗಳ 12. ಚಂದ್ರ ಕಂಡ ಮೇಲೆ ಹನ್ನೆರಡನೇ ದಿನ ಅಂದ್ರೆ ನಮ್ಮ ಲೆಕ್ಕದಲ್ಲಿ ತ್ರಯೋದಶಿ ಇಲ್ಲಾ ಚತುರ್ದಶಿ. ಆ ತಿಂಗಳೇ ಭಾದ್ರಪದವೂ ಆದರೆ? ಭಾದ್ರಪದ ಶುದ್ಧ ಚತುರ್ದಶಿ, ನಮ್ಮ ಕಡೆ ಅನಂತ ಪದ್ಮನಾಭ ವ್ರತ. ಮುಂಬೈಗೆ ಅದು ಅನಂತ ಚತುರ್ದಶಿ, ದೊಡ್ಡ ಗಣಪತಿಗಳ ವಿಸರ್ಜನೆ. 2023ರಲ್ಲಿ ಎರಡೂ ಸೆಪ್ಟೆಂಬರ್ 28. 2024ರಲ್ಲಿ ಮಿಲಾದ್ 16, ವಿಸರ್ಜನೆ 17. 2025ರಲ್ಲಿ ಮಿಲಾದ್ 5, ವಿಸರ್ಜನೆ 6. ಸತತ ಮೂರು ವರ್ಷ. ಇದರಲ್ಲಿ ಆಕಸ್ಮಿಕ ಏನೂ ಇಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಬಂದು ಈ ಜೋಡಿ ಬಿಡಿಸಿಕೊಳ್ಳತ್ತೆ. ಮಿಲಾದ್ ಆಗಸ್ಟ್ 26ರ ಆಸುಪಾಸು, ಅನಂತ ಚತುರ್ದಶಿ ಸೆಪ್ಟೆಂಬರ್ 25. ಇದಕ್ಕೂ ಹಿಂದೆ ಹೀಗಾಗಿದ್ದು 1991, 1992ರಲ್ಲಿ. ಮತ್ತೆ ಆಗೋ ಹೊತ್ತಿಗೆ ನಮ್ಮಲ್ಲಿ ಬಹುತೇಕರು ರಿಟೈರ್ ಆಗಿರ್ತೀವಿ.

ಬೈಕುಲಾದ ರಸ್ತೆ

ಮುಂಬೈನಲ್ಲಿ ಮಿಲಾದ್ ಮೆರವಣಿಗೆ, ಜುಲೂಸ್ ಅಂತಾರೆ, ಹೊರಡೋದು ಬೈಕುಲಾದ ಖಿಲಾಫತ್ ಹೌಸ್‌ನಿಂದ. ಖಿಲಾಫತ್ ಚಳವಳಿ ಕಾಲದಲ್ಲಿ ಶುರುವಾದ ಈ ಮೆರವಣಿಗೆಗೆ ನೂರು ವರ್ಷ ದಾಟಿದೆ. ಇನ್ನು ಲಾಲ್‌ಬಾಗ್ ರಾಜನ ವಿಸರ್ಜನೆ ಮೆರವಣಿಗೆಯ ದಾರಿ ನೋಡಿ. ಲಾಲ್‌ಬಾಗ್‌ನಿಂದ ಹೊರಟು ಬೈಕುಲಾ, ನಾಗಪಾಡಾ ಮೇಲೆ ಹಾದು ಗಿರ್ಗಾಂವ್ ಚೌಪಾಟಿ. ಅದೇ ಪ್ರದೇಶ, ಅವೇ ರಸ್ತೆಗಳು, ಬಂದೋಬಸ್ತಿಗೆ ನಿಲ್ಲೋ ಪೊಲೀಸರೂ ಅವರೇ. ವಿಸರ್ಜನೆ ಅಂದ್ರೆ ಬೆಳಿಗ್ಗೆ ಹೊರಟು ಸಂಜೆ ಮುಗಿಯೋ ಕೆಲಸವಲ್ಲ. 2025ರಲ್ಲಿ 6ನೇ ತಾರೀಖು ಹೊರಟ ಲಾಲ್‌ಬಾಗ್ ರಾಜ ನೀರಿಗೆ ಇಳಿದಿದ್ದು 7ರ ರಾತ್ರಿ. ಎರಡು ಮೆರವಣಿಗೆ ಒಂದೇ ದಿನ ಇಟ್ಟರೆ, ಯಾರ ಮನಸ್ಸಲ್ಲೂ ಏನೂ ಇಲ್ಲದಿದ್ರೂ, ಒಂದು ತಳ್ಳಾಟ, ಒಂದು ಸ್ಪೀಕರ್ ಜಗಳ ಸಾಕು.

ಹಾಗಾಗಿ ಮೂರೂ ವರ್ಷ ನಗರದ ಮುಸ್ಲಿಂ ಸಂಘಟನೆಗಳು ಸಭೆ ಸೇರಿ, ನಮ್ಮ ಜುಲೂಸ್ ಮುಂದಕ್ಕೆ ಹಾಕ್ತೀವಿ ಅಂದವು. 2023ರಲ್ಲಿ 29ಕ್ಕೆ, 2024ರಲ್ಲಿ 18ಕ್ಕೆ, 2025ರಲ್ಲಿ 8ಕ್ಕೆ. ಸರ್ಕಾರದ ಅಧಿಸೂಚನೆ ಬಂದಿದ್ದು ಆಮೇಲೆ. ಈ ಕ್ರಮ ಮುಖ್ಯ. ಮೊದಲು ಸಮುದಾಯ ದಿನ ಬದಲಿಸಿತು, ಆಮೇಲೆ ರಜೆ ಅದರ ಹಿಂದೆ ಹೋಯ್ತು. 2024ರಲ್ಲಿ ಬೇರೆ ಜಿಲ್ಲೆಗಳ ವಿಷಯದಲ್ಲಿ, ನಿಮ್ಮಲ್ಲಿ ಜುಲೂಸ್ ಯಾವತ್ತೋ ಅದನ್ನ ನೋಡಿ ತೀರ್ಮಾನ ಮಾಡಿ ಅಂತ ಜಿಲ್ಲಾಧಿಕಾರಿಗಳಿಗೇ ಬಿಟ್ಟರು. ಹೈದರಾಬಾದಿನಲ್ಲೂ ಇದೇ ಆಗಿದೆ. ಅಲ್ಲಿ ಖೈರತಾಬಾದ್ ಗಣಪತಿ, ಹುಸೇನ್ ಸಾಗರದ ವಿಸರ್ಜನೆ. ಹಳೇ ಊರಿನ ಮಿಲಾದ್ ಸಮಿತಿಗಳು ಮೆರವಣಿಗೆಯನ್ನ ದಿನಗಟ್ಟಲೆ ಮುಂದಕ್ಕೆ ಹಾಕಿದ್ವು.

ಅದಕ್ಕೇ ನಾನು ಓಲೈಕೆ, ತಳ್ಳುವಿಕೆ ಎರಡೂ ತಪ್ಪು ಅಂದಿದ್ದು. 2011ರ ಜನಗಣತಿ ಪ್ರಕಾರ ಈ ನಗರದಲ್ಲಿ ಐವರಲ್ಲಿ ಒಬ್ಬರು ಮುಸ್ಲಿಮರು. ಅವರ ಮುಖಂಡರು ಕೂತು, ನೆರೆಯವನ ಹಬ್ಬಕ್ಕೆ ರಸ್ತೆ ಬಿಟ್ಟು ನಮ್ಮದು ಆಮೇಲೆ ಮಾಡ್ಕೋತೀವಿ ಅಂದಿದ್ದಾರೆ, ಸರ್ಕಾರ ಅದನ್ನ ಕಾಗದದ ಮೇಲೆ ಒಪ್ಪಿಕೊಂಡಿದೆ.

ಆದರೆ ಇದಕ್ಕೂ ಒಂದು ಬೆಲೆ ಇದೆ, ಅದನ್ನ ಯಾರೂ ಮಾತಾಡಲಿಲ್ಲ. ರಜೆ ಹೋಗಿದ್ದು ಮೆರವಣಿಗೆಯ ಹಿಂದೆ. ಹನ್ನೆರಡನೇ ತಾರೀಖಿನ ರಾತ್ರಿ ಮನೇಲಿ ಸಲಾಮ್ ಓದೋರು, ಮಸೀದಿಯಲ್ಲಿ ಕೂರೋರು ಇರ್ತಾರಲ್ಲ, ಅವರಿಗೆ ದಿನ ಅಂದ್ರೆ ಆ ದಿನವೇ. 2025ರಲ್ಲಿ ಅದು ಶುಕ್ರವಾರವೂ ಆಗಿತ್ತು, ಮೇಲಾಗಿ 1500ನೇ ಜನ್ಮವರ್ಷ ಅಂತ ದೊಡ್ಡದಾಗಿ ತಯಾರಿ ನಡೆದಿತ್ತು. ಮುಂಬೈನಲ್ಲಿ ಅವತ್ತು ಅವರಿಗೆ ಕೆಲಸದ ದಿನ. ರಸ್ತೆಗೆ ಇಳಿಯೋ ಗುಂಪಿಗೆ ಮಾನ್ಯತೆ ಸಿಕ್ತು, ಮನೇಲಿ ಕೂತು ಪ್ರಾರ್ಥನೆ ಮಾಡೋನು ಸ್ವಂತ ಲೀವ್ ಹಾಕಬೇಕಾಯ್ತು. ಇನ್ನೊಂದು ಮಾತೂ ಸೇರಿಸ್ತೀನಿ. ಮಿಲಾದ್ ಆಚರಿಸಬೇಕಾ ಅನ್ನೋದರ ಬಗ್ಗೆಯೇ ಮುಸ್ಲಿಮರಲ್ಲಿ ಭಿನ್ನಮತ ಇದೆ. ಬರೇಲ್ವಿ ಪರಂಪರೆಯವರಿಗೆ ದೊಡ್ಡ ದಿನ, ಅಹ್ಲೆ ಹದೀಸ್ ಕಡೆಯವರು ಆಚರಿಸೋದೇ ಇಲ್ಲ. ಮುಸ್ಲಿಂ ಸಮುದಾಯ ಅಂತ ಒಂದೇ ಪದ ಹೇಳ್ತೀವಿ, ಮುಂಬೈನಲ್ಲಿ ಅದರೊಳಗೆ ಕೊಂಕಣಿ, ಮೇಮನ್, ಬೋಹ್ರಾ, ಖೋಜಾ, ಉತ್ತರ ಪ್ರದೇಶದಿಂದ ಬಂದೋರು, ನಮ್ಮ ಭಟ್ಕಳದ ನವಾಯತರು, ಕರಾವಳಿಯ ಬ್ಯಾರಿಗಳು, ಎಲ್ಲಾ ಇದ್ದಾರೆ.

ಹುಂಡಿ, ಚೆಕ್ಕು, ಹಬ್ಬ

ಈಗ ಕಾನೂನು. ಸಾರ್ವಜನಿಕ ರಜೆ ಅನ್ನೋದು ಯಾವ ಕಾಯ್ದೆಯಿಂದ ಬರತ್ತೆ ಅಂತ ಯಾರನ್ನಾದ್ರೂ ಕೇಳಿ. ಸಂವಿಧಾನ ಅಂತಾರೆ, ಕಾರ್ಮಿಕ ಕಾಯ್ದೆ ಅಂತಾರೆ. ನಿಜವಾದ ಉತ್ತರ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಚೆಕ್ ಬೌನ್ಸ್ ಕೇಸ್ ಹಾಕ್ತಾರಲ್ಲ, ಅದೇ. ಅದರ 25ನೇ ಸೆಕ್ಷನ್ನಿನ ಚಿಂತೆ ಹಬ್ಬವಲ್ಲ. ಪ್ರಾಮಿಸರಿ ನೋಟು ಅಥವಾ ಬಿಲ್ಲಿನ ಗಡುವು ಸಾರ್ವಜನಿಕ ರಜೆ ದಿನ ಬಿದ್ದರೆ ಹಣ ಯಾವತ್ತು ಕೊಡಬೇಕು? ಅದರ ಹಿಂದಿನ ಕೆಲಸದ ದಿನ, ಅನ್ನತ್ತೆ ಕಾಯ್ದೆ. ಹಾಗಾದ್ರೆ ಸಾರ್ವಜನಿಕ ರಜೆ ಅಂದ್ರೇನು ಅಂತ ಹೇಳಬೇಕಲ್ಲ? ಭಾನುವಾರ, ಮತ್ತು ಸರ್ಕಾರ ಗೆಜೆಟ್‌ನಲ್ಲಿ ಘೋಷಿಸಿದ ದಿನಗಳು. ನೂರ ನಲವತ್ತು ವರ್ಷಕ್ಕೂ ಹಿಂದೆ ಹುಂಡಿ ವ್ಯಾಪಾರದ ಅನುಕೂಲಕ್ಕೆ ಬರೆದ ಈ ಸಾಲಿನ ಮೇಲೆ ಇವತ್ತು ಈದ್, ದೀಪಾವಳಿ, ಗುಡ್ ಫ್ರೈಡೇ ಎಲ್ಲಾ ನಿಂತಿವೆ. ಘೋಷಿಸೋ ಅಧಿಕಾರ ಕೇಂದ್ರದ್ದು. ಕೇಂದ್ರ ಅದನ್ನ ಅಧಿಸೂಚನೆ ಮೂಲಕ ರಾಜ್ಯಗಳಿಗೆ ವಹಿಸಿದೆ. ಮಹಾರಾಷ್ಟ್ರದ ರಜೆ ಆದೇಶಗಳು ಇವತ್ತಿಗೂ ಕೇಂದ್ರ ಗೃಹ ಇಲಾಖೆಯ 1968ರ ಅಧಿಸೂಚನೆಯನ್ನ ಹೆಸರಿಸ್ತವೆ.

ಇದಕ್ಕೇ ಮುಂಬೈನಲ್ಲಿ ರಜೆ ಒಂದು ದಿನ ಆಚೀಚೆ ಆದ್ರೂ ದೇಶದ ಹಣದ ಮಾರುಕಟ್ಟೆ ಅಲ್ಲಾಡೋದು. 2025ರಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟು, ಸರ್ಕಾರಿ ಸಾಲಪತ್ರ, ವಿದೇಶಿ ವಿನಿಮಯ, ಮನಿ ಮಾರ್ಕೆಟ್ 8ನೇ ತಾರೀಖು ಬಂದ್, ಅವತ್ತಿನ ಲೆಕ್ಕ 9ಕ್ಕೆ ಅಂತ ಹೇಳಬೇಕಾಯ್ತು. ಷೇರು ವಹಿವಾಟು ಮಾತ್ರ ಎರಡೂ ದಿನ ನಡೀತು. ಬ್ಯಾಂಕಿಂಗ್ ಪ್ರಾಜೆಕ್ಟಿನಲ್ಲಿರೋರಿಗೆ ಗೊತ್ತಿರತ್ತೆ, ಹಾಲಿಡೇ ಕ್ಯಾಲೆಂಡರ್ ಟೇಬಲ್‌ನಲ್ಲಿ ಒಂದು ಸಾಲು ಬದಲಾದ್ರೆ ಆ ರಾತ್ರಿ ಬ್ಯಾಚ್ ನೋಡ್ಕೊಳೋನ ನಿದ್ದೆ ಹೋಯ್ತು ಅಂತಲೇ. ಜುಲೂಸ್ ಯಾವತ್ತು ಅಂತ ಸಮುದಾಯದ ಮುಖಂಡರು ಮಾಡಿದ ತೀರ್ಮಾನ ಹೀಗೆ ಕೆಲವೇ ದಿನದಲ್ಲಿ ಡೇಟಾ ಸೆಂಟರ್ ತಲುಪತ್ತೆ.

ಕೇಂದ್ರ ಸರ್ಕಾರಿ ಕಚೇರಿಗಳ ಪಟ್ಟಿ ಬೇರೆ. ದೆಹಲಿಯ ಹೊರಗಿನ ಕಚೇರಿಗಳಿಗೆ 14 ದಿನ ಕಡ್ಡಾಯ ರಜೆ, ಅದರಲ್ಲಿ ನಾಲ್ಕು ಮುಸ್ಲಿಂ ದಿನಗಳು: ಈದುಲ್ ಫಿತ್ರ್, ಬಕ್ರೀದ್, ಮೊಹರಂ, ಈದ್ ಮಿಲಾದ್. ಮಿಲಾದ್ ರಾಷ್ಟ್ರಮಟ್ಟದ ರಜೆ ಆಗಿದ್ದು ತಡವಾಗಿ. 1990ರ ಆಗಸ್ಟ್ 15ಕ್ಕೆ ಪ್ರಧಾನಿ ವಿ.ಪಿ. ಸಿಂಗ್ ಕೆಂಪುಕೋಟೆಯಿಂದ ಘೋಷಿಸಿದ್ರು. ಉಳಿದ ಮೂರು ದಿನವನ್ನ 12 ಹಬ್ಬಗಳ ಇನ್ನೊಂದು ಪಟ್ಟಿಯಿಂದ ಆಯಾ ರಾಜ್ಯದ ನೌಕರರ ಸಮನ್ವಯ ಸಮಿತಿ ಆರಿಸಿಕೊಳ್ಳತ್ತೆ. ನಮ್ಮ ಯುಗಾದಿ ಇರೋದು ಈ ಎರಡನೇ ಪಟ್ಟಿಯಲ್ಲಿ, ಗಣೇಶ ಚತುರ್ಥಿಯೂ ಅಲ್ಲೇ. ದೆಹಲಿಯಲ್ಲಿರೋ ಕನ್ನಡಿಗರು ಯುಗಾದಿ ದಿನ ಬೇವುಬೆಲ್ಲ ತಿಂದು ಮೆಟ್ರೋ ಹತ್ತೋದು ಯಾಕೆ ಅನ್ನೋದಕ್ಕೆ ಉತ್ತರ ಇಷ್ಟೇ.

ಈ ಆದೇಶದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಒಂದಿದೆ. ದೆಹಲಿಯಲ್ಲಿ ಈದ್ ದಿನ ಬದಲಾಗಬೇಕಾದ್ರೆ ಇಲಾಖೆಗೆ ಗೊತ್ತಾಗೋದು ಹೇಗೆ? ದೆಹಲಿ ಪೊಲೀಸ್ ಸ್ಪೆಷಲ್ ಬ್ರಾಂಚಿನ ಡಿಸಿಪಿಯಿಂದ ಖಚಿತ ಮಾಡಿಕೊಂಡು. ಮಸೀದಿಯಲ್ಲಿ ಚಂದ್ರ ಕಂಡ ಸುದ್ದಿ ಪೊಲೀಸರ ಮೂಲಕ ಸಚಿವಾಲಯಕ್ಕೆ ಹೋಗತ್ತೆ! ಜೊತೆಗೆ, ಸಮಯ ತೀರಾ ಕಮ್ಮಿ ಇದ್ದರೆ ಟಿವಿ, ರೇಡಿಯೋ, ಪತ್ರಿಕೆ ಘೋಷಣೆ ನೋಡಿಯೇ ಕಚೇರಿ ಮುಖ್ಯಸ್ಥರು ರಜೆ ಕೊಡಬಹುದು, ಔಪಚಾರಿಕ ಆದೇಶಕ್ಕೆ ಕಾಯಬೇಕಿಲ್ಲ ಅಂತಲೂ ಬರೆದಿದ್ದಾರೆ. ಸರ್ಕಾರಿ ಆದೇಶದಲ್ಲಿ ಲಿಖಿತ ಆದೇಶಕ್ಕೆ ಕಾಯಬೇಡಿ ಅನ್ನೋ ಮಾತು ಎಷ್ಟು ಸಲ ನೋಡಿದ್ದೀರಿ?

ಚಂದ್ರ ಕಂಡ ಅಂತ ಹೇಳೋದು ಯಾರು?

ಇದೂ ಊರಿಂದ ಊರಿಗೆ ಬೇರೆ. ಮುಂಬೈ, ದೆಹಲಿ, ಹೈದರಾಬಾದಿನಲ್ಲಿ ಮಸೀದಿಗಳ, ಉಲೇಮಾಗಳ ಹಿಲಾಲ್ ಸಮಿತಿಗಳು. ಚೆನ್ನೈನಲ್ಲಿ ತಮಿಳುನಾಡು ಸರ್ಕಾರವೇ ನೇಮಿಸಿದ ಮುಖ್ಯ ಕಾಜಿ ಇದ್ದಾರೆ, 1880ರ ಕಾಜಿ ಕಾಯ್ದೆಯ ಪ್ರಕಾರ. ಅವರು ಘೋಷಿಸಿದ ಮೇಲೆ ರಜೆ. ದಾವೂದಿ ಬೋಹ್ರಾಗಳು ಮಾತ್ರ ಚಂದ್ರ ನೋಡೋದೇ ಇಲ್ಲ. ಅವರದು 30 ವರ್ಷದ ಚಕ್ರದ ಸ್ಥಿರ ಲೆಕ್ಕ, ಅದರಲ್ಲಿ 11 ವರ್ಷಕ್ಕೆ ಒಂದೊಂದು ದಿನ ಹೆಚ್ಚು. ಬೇಕಾದ್ರೆ ನೂರು ವರ್ಷದ ಹಬ್ಬಗಳನ್ನ ಇವತ್ತೇ ಬರೆದಿಡಬಹುದು. ಹಾಗಾಗಿ ಭೇಂಡಿ ಬಜಾರಿನಲ್ಲಿ ಅವರ ಈದ್ ಬೇರೆಯವರಿಗಿಂತ ಒಂದೆರಡು ದಿನ ಮೊದಲೇ ಬರೋದುಂಟು, ಅದಕ್ಕೆ ಪ್ರತ್ಯೇಕ ಸರ್ಕಾರಿ ರಜೆ ಇಲ್ಲ.

ಲೆಕ್ಕ ಹಾಕಿದ್ರೆ ಸಾಕಲ್ಲ, ನೋಡೋದು ಯಾಕೆ ಅಂತ ನಮ್ಮಂಥ ಇಂಜಿನಿಯರುಗಳು ಕೇಳ್ತೀವಿ. ಅಮಾವಾಸ್ಯೆ ಯಾವ ನಿಮಿಷಕ್ಕೆ ಅಂತ ಲೆಕ್ಕ ಹೇಳತ್ತೆ, ನಿಜ. ಗೆರೆ ಕಣ್ಣಿಗೆ ಕಾಣತ್ತಾ ಅನ್ನೋದು ಮೋಡ, ದಿಗಂತ, ಚಂದ್ರನ ವಯಸ್ಸು, ನೀವು ನಿಂತ ಜಾಗ ಎಲ್ಲದರ ಮೇಲೆ ಹೋಗತ್ತೆ. ನಮ್ಮ ರಾಜ್ಯದಲ್ಲೇ ನೋಡಿ. ದಕ್ಷಿಣ ಕನ್ನಡ, ಉಡುಪಿ ಕಡೆಯವರು ಕೇರಳದ ಚಂದ್ರ ದರ್ಶನ ಅನುಸರಿಸ್ತಾರೆ. 2024ರಲ್ಲಿ ಮಂಗಳೂರಿಗೆ ಈದ್ ಏಪ್ರಿಲ್ 10, ಬೆಂಗಳೂರಿಗೆ 11. ಒಂದೇ ರಾಜ್ಯ, ಒಂದೇ ಹಬ್ಬ, ಎರಡು ದಿನ. ಘಟ್ಟದ ಮೇಲಿನ ಪಟ್ಟಿ ಹಿಡಿದು ಘಟ್ಟದ ಕೆಳಗಿನ ಹಬ್ಬ ಹೇಳೋಕಾಗಲ್ಲ.

ಚಂದ್ರ ನೋಡೋದು ನಮಗೇನು ಹೊಸದಲ್ಲ ಬಿಡಿ. ಹಳೇ ಮೈಸೂರು ಕಡೆಯವರು ಯುಗಾದಿ ಸಂಜೆ ಮಹಡಿ ಹತ್ತಿ ಚಂದ್ರ ಹುಡುಕಿ, ಕಂಡ ಮೇಲೆ ದೊಡ್ಡವರ ಕಾಲಿಗೆ ಬೀಳ್ತಾರೆ. 2025ರ ಮಾರ್ಚ್ 30, ಭಾನುವಾರ ಯುಗಾದಿ. ಅವತ್ತು ಸಂಜೆ ಬೆಂಗಳೂರಿನ ಮಹಡಿಗಳ ಮೇಲೆ ಯುಗಾದಿ ಚಂದ್ರ ಅಂತ ಹುಡುಕಿದ್ದೂ, ಶಿವಾಜಿನಗರದಲ್ಲಿ ಈದ್ ಕಾ ಚಾಂದ್ ಅಂತ ಹುಡುಕಿದ್ದೂ ಅದೇ ಗೆರೆಯನ್ನ. ಮಾರನೇ ದಿನ ಒಂದು ಮನೇಲಿ ಹೊಸತೊಡಕು, ಪಕ್ಕದ ಮನೇಲಿ ರಂಜಾನ್. ಮಟನ್ ಅಂಗಡಿಯವರಿಗೆ ಅವತ್ತು ಉಸಿರಾಡೋಕೂ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ.

ಅದೇ ಮಾರ್ಚ್ 31ಕ್ಕೆ ಗುರುಗ್ರಾಮದಲ್ಲಿ ಬೇರೆ ಕಥೆ. ಹರಿಯಾಣ ಸರ್ಕಾರ ಈದುಲ್ ಫಿತ್ರ್ ಅನ್ನ ಗೆಜೆಟೆಡ್ ರಜೆಯಿಂದ ನಿರ್ಬಂಧಿತ ರಜೆಗೆ ಇಳಿಸಿತು. ಬೇಕಾದವರು ಅರ್ಜಿ ಹಾಕಿ ತಗೊಳ್ಳಿ, ಕಚೇರಿ ಮಾತ್ರ ತೆರೆದಿರತ್ತೆ ಅಂತ. ಕೊಟ್ಟ ಕಾರಣ, ಶನಿವಾರ ಭಾನುವಾರ ಆಗಲೇ ರಜೆ, ಸೋಮವಾರ ಆರ್ಥಿಕ ವರ್ಷದ ಕೊನೆ ದಿನ. ಗಡಿಯಾಚೆ ದೆಹಲಿಯಲ್ಲಿ ಎಂದಿನಂತೆ ರಜೆ. ಲೆಕ್ಕ ಮುಗಿಸೋ ತಾಪತ್ರಯ ನಿಜ, ಆದರೆ ಅದು ಹಣಕಾಸು ಸಿಬ್ಬಂದಿಯ ತಾಪತ್ರಯ. ಅವರನ್ನ ಕರೆಸಿ ಬದಲಿ ರಜೆ ಕೊಡಬಹುದಿತ್ತು. ರಾಜ್ಯದ ಎಲ್ಲಾ ಇಲಾಖೆಗೂ ಹಬ್ಬದ ದರ್ಜೆ ಇಳಿಸಬೇಕಿತ್ತಾ ಅನ್ನೋದು ನನ್ನ ಪ್ರಶ್ನೆ. ಮುಂಬೈನಲ್ಲಿ ದಿನ ಬದಲಾಗೋ ಮೊದಲು ಸಮುದಾಯದ ಜೊತೆ ಮಾತಾಗಿತ್ತು. ಇಲ್ಲಿ ಹಬ್ಬಕ್ಕೆ ನಾಲ್ಕು ದಿನ ಇರಬೇಕಾದ್ರೆ ಆದೇಶ ಬಂತು. ಎರಡಕ್ಕೂ ಇರೋ ವ್ಯತ್ಯಾಸ ಅದು.

ಕರ್ನಾಟಕ ಸರ್ಕಾರದ ರಜೆ ಅಧಿಸೂಚನೆಯಲ್ಲಿ ಇದಕ್ಕೆಲ್ಲ ಒಂದು ಸರಳ ದಾರಿ ಇದೆ. ಮುಸ್ಲಿಂ ಬಾಂಧವರ ಹಬ್ಬ ಪಟ್ಟಿಯಲ್ಲಿರೋ ದಿನ ಬೀಳದಿದ್ರೆ, ಸರ್ಕಾರಿ ನೌಕರರಾಗಿರೋ ಮುಸ್ಲಿಮರಿಗೆ ಪಟ್ಟಿಯ ದಿನದ ಬದಲು ಹಬ್ಬದ ದಿನವೇ ರಜೆ ಮಂಜೂರು ಮಾಡಬಹುದು ಅಂತ ಪ್ರತಿ ವರ್ಷ ಬರೀತಾರೆ. ಊರಿಗೆಲ್ಲ ದಿನ ಬದಲಿಸೋದು ಬೇಡ, ಹಬ್ಬ ಮಾಡೋನಿಗೆ ಮಾತ್ರ ಬದಲಿಸಿ. ಅದೇ ಪಟ್ಟಿಯಲ್ಲಿ ಕೊಡಗು ಜಿಲ್ಲೆಗೆ ಮಾತ್ರ ಅಂತ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಸ್ಥಳೀಯ ರಜೆಯೂ ಇದೆ.

ನಮ್ಮ ಆಫೀಸುಗಳಲ್ಲಿ

ಇಷ್ಟು ಹೊತ್ತು ಹೇಳಿದ್ದು ಸರ್ಕಾರ, ಬ್ಯಾಂಕು, ಶಾಲೆ ವಿಷಯ. ಖಾಸಗಿ ಕಂಪನಿಗೆ 25ನೇ ಸೆಕ್ಷನ್ನಿನ ರಜೆ ಕಡ್ಡಾಯವಲ್ಲ. ನಮಗೆ ಅನ್ವಯಿಸೋದು ರಾಜ್ಯದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ, ಹಬ್ಬದ ರಜೆ ಕಾಯ್ದೆಗಳು. ಕರ್ನಾಟಕದ 1963ರ ಕಾಯ್ದೆಯಲ್ಲಿ ನವೆಂಬರ್ 1 ಸೇರಿ ಐದು ದಿನ ಖಚಿತ, ಜೊತೆಗೆ ಐದು ಹಬ್ಬ. ಮಹಾರಾಷ್ಟ್ರದ 2017ರ ಕಾಯ್ದೆಯಲ್ಲಿ ವೇತನಸಹಿತ ಎಂಟು ದಿನ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಈ ನಾಲ್ಕು ಖಚಿತ. ಉಳಿದ ನಾಲ್ಕು ಹಬ್ಬ ಯಾವುವು? ವರ್ಷ ಶುರುವಾಗೋ ಮೊದಲು ಮಾಲೀಕರು ಮತ್ತು ಕೆಲಸಗಾರರು ಒಪ್ಪಿಕೊಂಡವು, ಅನ್ನತ್ತೆ ಕಾಯ್ದೆ. ಒಪ್ಪಿಕೊಂಡವು! ಮುಂಬೈ ಪುಣೆಯಲ್ಲಿರೋ ನೀವು ಯಾವತ್ತಾದ್ರೂ ಯಾವುದನ್ನಾದ್ರೂ ಒಪ್ಪಿದ್ದು ನೆನಪಿದೆಯಾ? ಪಿಡಿಎಫ್ ಬಂತು, ನೋಡಿದ್ವಿ, ಮುಗೀತು.

ಕೇಳಿ ನೋಡಿ ಅಂತ ಹೇಳೋದಕ್ಕೆ ಕಾರಣ ಇದೆ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಟೀಮಿನಲ್ಲಿ ಭಿವಂಡಿಯ ಹುಡುಗನೊಬ್ಬ ಇದ್ದ. ಕಂಪನಿ ಪಟ್ಟಿಯಲ್ಲಿ ಈದ್ ಬುಧವಾರ ಅಂತ ಇತ್ತು, ಚಂದ್ರ ಕಾಣದೆ ಗುರುವಾರಕ್ಕೆ ಹೋಯ್ತು. ಬುಧವಾರ ಆಫೀಸಿಗೆಲ್ಲ ರಜೆ, ಅವನು ಉಪವಾಸ. ಗುರುವಾರ ಹಬ್ಬ, ಅವನಿಗೆ ಪ್ರೊಡಕ್ಷನ್ ಸಪೋರ್ಟ್. ಪೋರ್ಟಲ್‌ನಲ್ಲಿ ರಜೆ ಅದಲುಬದಲು ಮಾಡೋ ಬಟನ್ನೇ ಇರಲಿಲ್ಲ, ರಾತ್ರಿ ಒಂಬತ್ತಕ್ಕೆ ಲೀವ್ ಹಾಕಿದ್ರೆ ಒಪ್ಪಿಗೆ ಕೊಡೋ ಮ್ಯಾನೇಜರ್ ರಜೆಯಲ್ಲಿ. ಕೊನೆಗೆ ಟೀಮಿನ ತೆಲುಗು ಹುಡುಗಿ ಒಬ್ಬಳು ನಾನು ಕೂರ್ತೀನಿ ಬಿಡು ಅಂದಳು. ಅವಳಿಗೆ ಬದಲಾಗಿ ಅವನು ಸಂಕ್ರಾಂತಿ ದಿನ ಕೂತ. ಒಳ್ಳೇದೇ, ಆದರೆ ಹಬ್ಬ ಮಾಡೋದಕ್ಕೆ ಒಬ್ಬ ಮನುಷ್ಯ ಪ್ರತಿ ವರ್ಷ ಯಾರದೋ ಉಪಕಾರ ಬೇಡಬೇಕಾಗಿದ್ದು ಸರಿ ಅನ್ನಿಸಲ್ಲ.

ಪರಿಹಾರ ಕಷ್ಟದ್ದೇನಲ್ಲ. ಕರ್ನಾಟಕದ ಆ ಸಾಲನ್ನೇ ಎಚ್‌ಆರ್ ನೀತಿಗೆ ಸೇರಿಸಿದ್ರೆ ಸಾಕು, ಚಂದ್ರನ ಮೇಲೆ ನಿಂತ ಹಬ್ಬ ಬದಲಾದ್ರೆ ಆ ನೌಕರನಿಗೆ ರಜೆ ತಾನಾಗೇ ಬದಲಾಗಲಿ ಅಂತ. ರಿಲೀಸ್ ಪ್ಲಾನ್ ಮಾಡೋರು ಪಟ್ಟಿಯ ದಿನ ಮತ್ತು ಅದರ ಮಾರನೇ ದಿನ, ಎರಡಕ್ಕೂ ಬೇರೆಯವರನ್ನ ಹೆಸರಿಸಿ ಇಟ್ಟುಕೊಳ್ಳಬಹುದು. ಇನ್ನೊಂದು, ಮೊಹರಂ ದಿನ ಹ್ಯಾಪಿ ಮೊಹರಂ ಅಂತ ಬ್ಯಾನರ್ ಹಾಕೋದನ್ನ ನಿಲ್ಲಿಸಿ ಅಂತ ಹೇಳಿ. ಶಿಯಾ ಸಹೋದ್ಯೋಗಿಗೆ ಅದು ಕರ್ಬಲಾದ ಶೋಕದ ದಿನ. ಮುದಗಲ್ ಕಡೆ ಮೊಹರಂ ನೋಡಿದೋರಿಗೆ, ಅಲಾಯಿ ದೇವರ ಮುಂದೆ ಹಿಂದೂ ಮುಸ್ಲಿಂ ಅನ್ನದೆ ಸೇರೋ ಊರು ನೋಡಿದೋರಿಗೆ, ಈ ದಿನದ ಭಾರ ಹೇಳಿಕೊಡಬೇಕಾಗಿಲ್ಲ.

ಇದೇ ಬಾಗಿಲಿಂದ ನಮ್ಮದನ್ನೂ ಕೇಳಬಹುದು ಅನ್ನೋದು ಸ್ವಾರ್ಥದ ಮಾತು, ಆದ್ರೂ ಹೇಳ್ತೀನಿ. ಪುಣೆಯಲ್ಲಿ ಗುಡಿ ಪಾಡ್ವಾ ಹೆಸರಲ್ಲಿ ಯುಗಾದಿಗೆ ದಾರಿ ಸಲೀಸು. ಚೆನ್ನೈ, ದೆಹಲಿಯಲ್ಲಿ ಆಪ್ಷನಲ್ ರಜೆಗಳ ಸಂಖ್ಯೆ ಹೆಚ್ಚಿಸಿ ಅಂತ ಕೇಳೋದೇ ದಾರಿ. ಅಲ್ಲಿ ಯುಗಾದಿ ಕೇಳೋ ಕನ್ನಡಿಗ, ಈದ್ ಕೇಳೋ ಭಿವಂಡಿಯವನು, ಛಠ್ ಕೇಳೋ ಬಿಹಾರಿ ಮೂವರೂ ಒಂದೇ ಇಮೇಲ್‌ಗೆ ಸಹಿ ಹಾಕಿದ್ರೆ ಎಚ್‌ಆರ್ ಕೂಡ ಬೇಗ ಓದ್ತಾರೆ.

2026ರ ಪಟ್ಟಿ ನಿಮ್ಮ ಕೈಗೆ ಬಂದಿದ್ರೆ ತೆಗೆದು ನೋಡಿ. ಈದುಲ್ ಫಿತ್ರ್ ಯುಗಾದಿಯ ಅಕ್ಕಪಕ್ಕವೇ ಇದೆ, ಮಾರ್ಚ್ ಮೂರನೇ ವಾರ. ಬಕ್ರೀದ್ ಮೇ ಕೊನೇ ವಾರ, ಮೊಹರಂ ಜೂನ್ ಕೊನೇ ವಾರ. ಮಿಲಾದ್ ಆಗಸ್ಟ್ 26ರ ಸುಮಾರಿಗೆ, ಗಣಪತಿ ಕೂರೋಕೂ ಮೊದಲು. ನಾಲ್ಕರ ಮುಂದೆಯೂ ನಕ್ಷತ್ರ ಚಿಹ್ನೆ ಇದೆಯಾ ಅಂತ ನೋಡಿ. ಇಲ್ಲದಿದ್ರೆ ಹಾಕಿ ಅಂತ ಹೇಳಿ, ದಿನ ಬದಲಾದ್ರೆ ಏನು ಮಾಡ್ತೀರಿ ಅಂತಲೂ ಈಗಲೇ ಕೇಳಿ ಇಟ್ಕೊಳ್ಳಿ.